ಎರವಿನ ಒಡವೆಯೂ ವಿದ್ಯಾರ್ಥಿಯ ಹೊಣೆಯೂ

ಮದುವೆಗೋ ಹಬ್ಬಕ್ಕೋ ನೆರೆಮನೆಯಿಂದ ಒಡವೆಯನ್ನು ಎರವು ತಂದ ಗೃಹಿಣಿಯು ಅದನ್ನು ತನ್ನ ಸ್ವಂತ ಒಡವೆಗಿಂತಲೂ ಹೆಚ್ಚಿನ ಎಚ್ಚರದಿಂದ ಧರಿಸುವಳು. ಸ್ವಂತದ್ದು ಕಳೆದರೆ ಹೋಗುವುದು ಒಡವೆ ಮಾತ್ರ. ಎರವಿನದು ಕಳೆದರೆ ಒಡವೆಯೊಡನೆ ನಂಬಿಕೆಯೂ ಹೋಗುವುದೆಂಬುದನ್ನು ಅವಳು ಬಲ್ಲಳು. ಆದರೆ ಎರವು ಕೊಟ್ಟವರು ಕಣ್ಣೆದುರಿನ ನೆರೆಯವರಾಗಿರದೆ ಶಾಲೆಯೋ ಸರಕಾರವೋ ಸಂಘವೋ ಆಗಿದ್ದರೆ ಮನುಷ್ಯನ ಮನಸ್ಸು ಬೇರೆಯೇ ದಾರಿ ಹಿಡಿಯುವುದುಂಟು. "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ" ಎಂಬ ನಮ್ಮ ಗಾದೆಯು ಹುಟ್ಟಿದುದು ಈ ಮನೋಧರ್ಮವನ್ನು ಕಂಡೇ. ಎಲ್ಲರಿಗೂ ಸೇರಿದ ವಸ್ತು ಯಾರಿಗೂ ಸೇರಿದುದಲ್ಲವೆಂದು ಎಣಿಸುವ ಈ ತಪ್ಪು ಎಣಿಕೆಯಿಂದಲೇ ಊರ ಬಾವಿ ಹೂಳು ತುಂಬುವುದು, ಶಾಲೆಯ ಬೆಂಚು ಕಾಲು ಮುರಿಯುವುದು.

ನಮ್ಮ ಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಾಲೆಯಿಂದ ಲ್ಯಾಪ್‌ಟಾಪನ್ನು ಎರವು ಪಡೆದು ಮನೆಗೆ ಒಯ್ಯುತ್ತಿರುವರು. ಪುಸ್ತಕವನ್ನು ಎರವು ಕೊಡುವುದು ಶಾಲೆಗಳಿಗೆ ಹಳೆಯ ವಾಡಿಕೆ. ವಿದ್ಯುತ್ತಿನಿಂದ ನಡೆಯುವ, ಬೆಲೆಬಾಳುವ ಯಂತ್ರವನ್ನು ಬಾಲಕ ಬಾಲಕಿಯರ ಕೈಗೆ ಕೊಟ್ಟು ಕಳುಹಿಸುವುದು ಹೊಸದು. ಈ ಯಂತ್ರದ ಸ್ವಭಾವವೇನು, ಅದಕ್ಕೆ ಕೇಡು ಎಲ್ಲಿಂದ ಬರುತ್ತದೆ, ಅದನ್ನು ಪಡೆದವನ ಹೊಣೆ ಎಷ್ಟು, ಕೊಟ್ಟವರ ಹೊಣೆ ಎಷ್ಟು ಎಂಬುದನ್ನು ತಿಳಿಯಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಕ್ಕಳಿಗಾಗಿಯೇ ಹುಟ್ಟಿದ ಕಲ್ಪನೆ

ಲ್ಯಾಪ್‌ಟಾಪು ದೊಡ್ಡವರ ಕಚೇರಿಗಾಗಿ ಹುಟ್ಟಿ ಅನಂತರ ಮಕ್ಕಳ ಕೈಗೆ ಬಂದಿತೆಂದು ನಿಮ್ಮಲ್ಲಿ ಅನೇಕರು ಭಾವಿಸಿರಬಹುದು. ಅದರ ಕಲ್ಪನೆ ಮೂಡಿದ ಬಗೆ ಇದಕ್ಕೆ ವಿಪರೀತವಾದುದು. ೧೯೭೨ರಲ್ಲಿ ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿಯು 'ಡೈನಾಬುಕ್' ಎಂಬ ಹೆಸರಿನಿಂದ ಒಂದು ಯಂತ್ರವನ್ನು ಕಾಗದದ ಮೇಲೆ ವರ್ಣಿಸಿದನು. ಪುಸ್ತಕದಂತೆ ಕೈಯಲ್ಲಿ ಹಿಡಿದು ಒಯ್ಯಬಹುದಾದ, ಮಕ್ಕಳು ತಾವೇ ಬರೆದು ಚಿತ್ರಿಸಿ ಕಲಿಯಬಹುದಾದ ಗಣಕಯಂತ್ರವದು. ಆ ಕಾಲದಲ್ಲಿ ಅಂಥದನ್ನು ನಿರ್ಮಿಸುವ ಸಾಮರ್ಥ್ಯ ಯಾರಿಗೂ ಇರಲಿಲ್ಲ. ೧೯೮೧ರಲ್ಲಿ ಮಾರಾಟಕ್ಕೆ ಬಂದ 'ಆಸ್‌ಬರ್ನ್' ಎಂಬ ಹೊತ್ತೊಯ್ಯುವ ಗಣಕದ ತೂಕ ಸುಮಾರು ೧೧ ಕಿಲೋಗ್ರಾಮು. ಅದನ್ನು ಹೊರುವುದು ಹೊಲಿಗೆಯಂತ್ರವನ್ನು ಹೊತ್ತಂತೆಯೇ ಸರಿ. ಇಂದು ನಿಮ್ಮ ಚೀಲದಲ್ಲಿರುವ ಯಂತ್ರದ ತೂಕ ಒಂದೂವರೆ ಎರಡು ಕಿಲೋ ಮಾತ್ರ. ತೂಕ ಇಳಿದಂತೆಲ್ಲ ಅದರ ಅಂಗಾಂಗಗಳು ತೆಳುವಾದವು, ತೆಳುವಾದಂತೆಲ್ಲ ನಾಜೂಕಾದವು. ಹಗುರವಾದುದನ್ನು ಹಗುರವಾಗಿ ಕಾಣಬಾರದೆಂಬ ಮೊದಲನೆಯ ಪಾಠ ಇಲ್ಲಿಯೇ ಇದೆ.

ಅಮೆರಿಕದ ಮೇನ್ ಸಂಸ್ಥಾನವು ೨೦೦೨ರಲ್ಲಿ ಏಳನೆಯ ತರಗತಿಯ ಮಕ್ಕಳಿಗೆಲ್ಲ ಲ್ಯಾಪ್‌ಟಾಪನ್ನು ಕೊಡಲಾರಂಭಿಸಿತು. ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಚಿಕ್ಕ ದೇಶವು ೨೦೦೭ರಲ್ಲಿ ಆರಂಭಿಸಿ ೨೦೦೯ರ ಹೊತ್ತಿಗೆ ಸರಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳೆಲ್ಲರ ಕೈಗೂ ಒಂದೊಂದು ಯಂತ್ರವನ್ನು ತಲುಪಿಸಿತು. ನಮ್ಮ ದೇಶದಲ್ಲಿ ತಮಿಳುನಾಡು ಸರಕಾರವು ೨೦೧೧ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪು ಹಂಚುವ ಯೋಜನೆಯನ್ನು ತೊಡಗಿತು. ಗುಜರಾತ ಸರಕಾರವು ೨೦೧೭ರಲ್ಲಿ ಕಾಲೇಜು ಸೇರಿದವರಿಗೆ ಒಂದು ಸಾವಿರ ರೂಪಾಯಿಗೆ ಟ್ಯಾಬ್ಲೆಟ್ ಕೊಡುವ ಯೋಜನೆಯನ್ನು ತಂದಿತು. ಇಂತಹ ಯೋಜನೆಗಳಲ್ಲಿ ಹಂಚುವ ಕೆಲಸ ಒಂದು ಸಮಾರಂಭದಲ್ಲಿ ಮುಗಿಯುವುದು. ಹಂಚಿದ ಯಂತ್ರವನ್ನು ವರ್ಷಾನುವರ್ಷ ಬಳಕೆಯಲ್ಲಿ ಇರಿಸಿಕೊಳ್ಳುವ ಕೆಲಸಕ್ಕೆ ಹಾರವೂ ಇಲ್ಲ, ಭಾಷಣವೂ ಇಲ್ಲ. ಅದು ಪಡೆದವರ ಮೇಲೆಯೇ ಬೀಳುವುದು.

ಕಾಸರಗೋಡಿನ ಕನ್ನಡ ಮಕ್ಕಳು

ಈ ಕೆಲಸವನ್ನು ಮಕ್ಕಳೇ ವಹಿಸಿಕೊಂಡುದಕ್ಕೆ ಒಂದು ಒಳ್ಳೆಯ ನಿದರ್ಶನವು ನಮ್ಮ ಭಾಷೆಯವರೇ ಇರುವ ಪ್ರದೇಶದಲ್ಲಿದೆ. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಂಟೆಂಬುದನ್ನು ನೀವು ಕೇಳಿರುವಿರಿ. ಕೇರಳ ಸರಕಾರದ 'ಕೈಟ್' ಎಂಬ ಸಂಸ್ಥೆಯು ೨೦೧೮ರ ಜನವರಿಯಲ್ಲಿ ಹೈಟೆಕ್ ಶಾಲೆಗಳ ಯೋಜನೆಯನ್ನು ಜಾರಿಗೆ ತಂದು, ರಾಜ್ಯದ ೪,೭೫೨ ಶಾಲೆಗಳ ೪೫,೦೦೦ ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಮುಂತಾದ ಉಪಕರಣಗಳನ್ನು ಒದಗಿಸಲು ಕೈಹಾಕಿತು. ಗಣಕದ ಪಠ್ಯಪುಸ್ತಕಗಳು ಅಲ್ಲಿ ಕನ್ನಡದಲ್ಲಿಯೂ ದೊರೆಯುತ್ತವೆ.

ಇಷ್ಟನ್ನು ಹಣವಿರುವ ಯಾವ ಸರಕಾರವಾದರೂ ಮಾಡಬಹುದು. ವಿಶೇಷವಾದುದು ಮುಂದಿನದು. ಅದೇ ತಿಂಗಳು ಆ ಸಂಸ್ಥೆಯು ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳನ್ನು ಸ್ಥಾಪಿಸಿತು. ಉತ್ತರಾಯಣದ ನಾಡಿನಲ್ಲಿ ಬೆಳೆಯುತ್ತಿರುವ ನಿಮಗೆ ಈ ಹೆಸರು ಗಾಳಿಪಟವನ್ನು ನೆನಪಿಗೆ ತರುವುದು ಸಹಜ. ಈ ಸಂಘದ ಸದಸ್ಯರು ಚಲಚ್ಚಿತ್ರ ರಚನೆ, ವಿದ್ಯುನ್ಮಾನ, ಜಾಲದ ಸುರಕ್ಷತೆ ಮುಂತಾದ ವಿಷಯಗಳೊಡನೆ ಯಂತ್ರದ ಬಿಡಿಭಾಗಗಳ ಪರಿಚಯವನ್ನೂ ಪಡೆಯುವರು. ತರಗತಿಯ ಉಪಕರಣಗಳನ್ನು ಸುಸ್ಥಿತಿಯಲ್ಲಿ ಇಡುವುದಕ್ಕೆ ಅಧ್ಯಾಪಕರಿಗೆ ಒತ್ತಾಸೆಯಾಗುವರು. ಇದರ ಹಿಂದಿನ ವಿಚಾರವನ್ನು ಗಮನಿಸಿರಿ. ಯಂತ್ರವನ್ನು ಮಕ್ಕಳಿಂದ ಕಾಪಾಡಬೇಕೆಂದು ಕಪಾಟಿಗೆ ಬೀಗ ಹಾಕುವುದು ಒಂದು ಮಾರ್ಗ. ಯಂತ್ರವನ್ನು ಮಕ್ಕಳೇ ಕಾಪಾಡುವಂತೆ ಅವರಿಗೆ ತಿಳಿವನ್ನು ಕೊಡುವುದು ಇನ್ನೊಂದು ಮಾರ್ಗ. ಎರಡನೆಯದು ಕಷ್ಟವಾದರೂ ಶಾಲೆ ಎಂಬ ಹೆಸರಿಗೆ ಒಪ್ಪುವುದು ಅದೇ.

ಮೂರು ನಗರಗಳು, ಮೂರು ಶತ್ರುಗಳು

ತಿಳಿವು ಎಂದೊಡನೆ ಯಂತ್ರಕ್ಕೆ ಕೇಡು ಎಲ್ಲಿಂದ ಬರುವುದೆಂಬ ಪ್ರಶ್ನೆ ಏಳುವುದು. ಕನ್ನಡಿಗರು ನೆಲಸಿರುವ ಗುಜರಾತದ ಮೂರು ದೊಡ್ಡ ನಗರಗಳಾದ ಅಹಮದಾಬಾದು, ವಡೋದರಾ, ಸೂರತ್ತುಗಳೇ ಇದಕ್ಕೆ ಉತ್ತರವನ್ನು ಹೇಳಬಲ್ಲವು.

ಮೊದಲನೆಯ ಶತ್ರು ಉಷ್ಣ. ಅಹಮದಾಬಾದಿನಲ್ಲಿ ೨೦೧೬ರ ಮೇ ತಿಂಗಳಲ್ಲಿ ಉಷ್ಣತೆಯು ೪೮ ಡಿಗ್ರಿ ಸೆಲ್ಸಿಯಸಿಗೆ ಏರಿತ್ತು. ೨೦೧೦ರ ಬೇಸಗೆಯ ಕಡು ಬಿಸಿಲಿನ ಪೆಟ್ಟನ್ನು ತಿಂದ ಆ ನಗರದ ಪೌರಸಭೆಯು, ಬಿಸಿಲಿನಿಂದ ಜನರನ್ನು ರಕ್ಷಿಸುವ ವಿಶೇಷ ಯೋಜನೆಯೊಂದನ್ನು ೨೦೧೩ರಲ್ಲಿಯೇ ರೂಪಿಸಿತು. ಮನುಷ್ಯನಿಗೆ ಆಗದ ಬಿಸಿಲು ಬ್ಯಾಟರಿಗೂ ಆಗದು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿರುವುದು ಲಿಥಿಯಂ-ಅಯಾನು ಬ್ಯಾಟರಿ. ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಬ್ಯಾಟರಿಯನ್ನು ಸಾಧ್ಯವಾಗಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಅದರೊಳಗೆ ಲಿಥಿಯಮಿನ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಹೋಗಿ ಬಂದು ಮಾಡುವುದರಿಂದಲೇ ವಿದ್ಯುತ್ತು ತುಂಬುವುದು, ಖರ್ಚಾಗುವುದು. ಈ ಹೋಗಿಬರುವಿಕೆಯೊಡನೆ ಬೇಡದ ಕೆಲವು ರಾಸಾಯನಿಕ ಕ್ರಿಯೆಗಳೂ ನಡೆದು ಬ್ಯಾಟರಿಯು ಸ್ವಲ್ಪ ಸ್ವಲ್ಪವಾಗಿ ಮುದಿಯಾಗುವುದು. ಹತ್ತು ಡಿಗ್ರಿ ಉಷ್ಣತೆ ಹೆಚ್ಚಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲವಾದ ನಿಯಮವನ್ನು ನೀವು ವಿಜ್ಞಾನದ ಪಾಠದಲ್ಲಿ ಕಲಿಯುವಿರಿ. ಆದುದರಿಂದ ಬಿಸಿಯಲ್ಲಿಟ್ಟ ಬ್ಯಾಟರಿಗೆ ಬೇಗ ಮುಪ್ಪು ಬರುವುದು.

ಇದರಿಂದ ಸಿಗುವ ನಿಯಮಗಳು ಸರಳವಾದವು. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ರಿಕ್ಷಾದಲ್ಲಾಗಲಿ, ಸ್ಕೂಟರಿನ ಪೆಟ್ಟಿಗೆಯಲ್ಲಾಗಲಿ, ತಗಡಿನ ಮಾಡಿನ ಅಟ್ಟದ ಮೇಲಾಗಲಿ ಯಂತ್ರವನ್ನು ಇಡಬಾರದು. ಹಾಸಿಗೆ, ದಿಂಬು, ರಜಾಯಿಗಳ ಮೇಲೆ ಇಟ್ಟು ನಡೆಸಬಾರದು. ತಳದಲ್ಲಿ ಗಾಳಿಯಾಡುವ ಕಂಡಿಗಳಿರುವುದರಿಂದ ಬಟ್ಟೆಯು ಅವುಗಳ ಬಾಯಿ ಮುಚ್ಚುವುದು. ಗಟ್ಟಿಯಾದ ಮಣೆ ಇದ್ದರೆ ಸಾಕು, ಮೇಜೇ ಬೇಕೆಂದಿಲ್ಲ. ದಿನವೂ ಪೂರ್ತಿ ಬರಿದಾಗುವವರೆಗೆ ಬಿಡುವುದೂ ಹಗಲಿರುಳು ಪ್ಲಗ್ಗಿನಲ್ಲಿಯೇ ಇರಿಸುವುದೂ ಒಳ್ಳೆಯದಲ್ಲ. ನೂರರಲ್ಲಿ ಇಪ್ಪತ್ತಕ್ಕೆ ಇಳಿಯುವ ಮೊದಲೇ ತುಂಬಿಸಿ ಎಂಬತ್ತರ ಆಸುಪಾಸಿನಲ್ಲಿ ತೆಗೆಯುವುದು ಬ್ಯಾಟರಿಯ ಆಯುಷ್ಯಕ್ಕೆ ಹಿತ. ದೀಪಾವಳಿಯ ಮೂರು ವಾರಗಳ ರಜೆಯಲ್ಲಿ ಬಳಸದೆ ಇಡುವುದಾದರೆ ಅರ್ಧ ತುಂಬಿಸಿ, ಆರಿಸಿ, ತಂಪಾದ ಕಡೆ ಇಡಬೇಕು. ಯಂತ್ರದ ಹೊಟ್ಟೆ ಉಬ್ಬಿದಂತೆ ಕಂಡರೆ ಬ್ಯಾಟರಿ ಕೆಟ್ಟಿದೆಯೆಂದು ಅರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜು ಮಾಡಬಾರದು. ಅದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಒಡನೆಯೇ ಅಧ್ಯಾಪಕರಿಗೆ ತಿಳಿಸಬೇಕು.

ಎರಡನೆಯ ಶತ್ರು ನೀರು. ವಡೋದರಾ ನಗರದ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯು ಮೊಸಳೆಗಳಿಗೆ ಹೆಸರಾದುದು. ೨೦೧೯ರ ಜುಲೈ ೩೧ರಂದು ಒಂದೇ ದಿನದಲ್ಲಿ ಸುಮಾರು ೫೦೦ ಮಿಲಿಮೀಟರು ಮಳೆ ಸುರಿದಾಗಲೂ, ೨೦೨೪ರ ಆಗಸ್ಟಿನ ಕೊನೆಯಲ್ಲಿಯೂ ಆ ನದಿಯ ನೀರು ಬೀದಿಗಳಿಗೆ ನುಗ್ಗಿತು. ಮೊಸಳೆಗಳೂ ನೀರಿನೊಡನೆ ಬಂದುವು. ಸೂರತ್ತಿನ ಜನರು ೨೦೦೬ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರು ತಾಪಿ ನದಿಯಲ್ಲಿ ಉಕ್ಕಿ ನಗರದ ಬಹುಭಾಗವನ್ನು ಮುಳುಗಿಸಿದುದನ್ನು ಇಂದಿಗೂ ಮರೆತಿಲ್ಲ. ಇಂತಹ ಊರುಗಳಲ್ಲಿ ನೆಲಮಹಡಿಯ ಮನೆಯವರು ಮಳೆಗಾಲದಲ್ಲಿ ಯಂತ್ರವನ್ನು ನೆಲದ ಮೇಲಾಗಲಿ ಮಂಚದ ಕೆಳಗಾಗಲಿ ಇಡದೆ, ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿ ಎತ್ತರದ ಗೂಡಿನಲ್ಲಿ ಇಡುವುದು ಬುದ್ಧಿವಂತಿಕೆ. ನೆರೆಯೇ ಬಂದಾಗ ಮಾತ್ರ ಮೊದಲು ಮನೆಯ ಜನ, ಆಮೇಲೆ ಯಂತ್ರ. ಲ್ಯಾಪ್‌ಟಾಪಿಗಾಗಿ ನೀರಿಗಿಳಿಯಬೇಕೆಂದು ಯಾವ ಶಾಲೆಯೂ ಕೇಳುವುದಿಲ್ಲ.

ನದಿಯ ನೀರಿಗಿಂತ ಹೆಚ್ಚು ಯಂತ್ರಗಳನ್ನು ಕೆಡಿಸುವುದು ಲೋಟದ ಚಹವೇ. ಕೀಲಿಮಣೆಯ ಸಂದುಗಳಿಂದ ಇಳಿದ ದ್ರವವು ಒಳಗಿನ ವಿದ್ಯುತ್ ಹಾದಿಗಳನ್ನು ಒಂದಕ್ಕೊಂದು ಬೆಸೆದು ಸುಡುವುದು. ಚಹದ ಸಕ್ಕರೆಯೂ ಸಾರಿನ ಉಪ್ಪೂ ಆರಿದ ಮೇಲೆ ಲೋಹವನ್ನು ತಿನ್ನುವುವು. ಹಾಗೆ ಚೆಲ್ಲಿದಾಗ ಕೈ ಒಣಗಿರುವುದನ್ನು ನೋಡಿಕೊಂಡು ಪ್ಲಗ್ಗನ್ನು ಕೀಳಬೇಕು, ಯಂತ್ರವನ್ನು ಆರಿಸಬೇಕು, ಮಗುಚಿ ನೀರು ಇಳಿಯುವಂತೆ ನಿಲ್ಲಿಸಬೇಕು, ಸರಿಯಾಗಿದೆಯೋ ನೋಡೋಣವೆಂದು ಮತ್ತೆ ಹಚ್ಚಬಾರದು. ಸುಟ್ಟುಹೋಗುವುದು ಅನೇಕ ವೇಳೆ ಹೀಗೆ ಎರಡನೆಯ ಸಲ ಹಚ್ಚಿದಾಗಲೇ. ಅಕ್ಕಿಯ ಡಬ್ಬಿಯಲ್ಲಿ ಹೂಳಿಟ್ಟರೆ ಸರಿಹೋಗುವುದೆಂಬುದು ನಂಬತಕ್ಕ ಮಾತಲ್ಲ. ಅದರಿಂದ ಅಕ್ಕಿಯ ದೂಳು ಒಳಗೆ ಸೇರುವುದಷ್ಟೇ ಲಾಭ.

ಮೂರನೆಯ ಶತ್ರು ದೂಳು. ಸೂರತ್ತು ಜರಿಗೂ ಬಟ್ಟೆಗೂ ಹೆಸರಾದ ಪಟ್ಟಣ. ಮಗ್ಗಗಳ ಓಣಿಗಳಲ್ಲಿ ವಾಸಿಸುವವರು ನೂಲಿನ ಸಣ್ಣ ಎಳೆಗಳು ಗಾಳಿಯಲ್ಲಿ ತೇಲುತ್ತಿರುವುದನ್ನು ಕಂಡಿರುವಿರಿ. ಲ್ಯಾಪ್‌ಟಾಪಿನೊಳಗೆ ಒಂದು ಪುಟ್ಟ ಬೀಸಣಿಗೆಯು ಹೊರಗಿನ ಗಾಳಿಯನ್ನು ಸೆಳೆದು ಒಳಗಿನ ಬಿಸಿಯನ್ನು ಹೊರಕ್ಕೆ ತಳ್ಳುವುದು. ಗಾಳಿಯೊಡನೆ ಬಂದ ಎಳೆಗಳೂ ಅಹಮದಾಬಾದಿನ ಸಣ್ಣ ಮರಳಿನ ದೂಳೂ ಕೂಡಿ, ಬಿಸಿಯನ್ನು ಹೊರಹಾಕುವ ಲೋಹದ ಎಲೆಗಳ ನಡುವೆ ಕಂಬಳಿಯಂತೆ ಕವಿಯುವುವು. ಆಗ ಬೀಸಣಿಗೆಯು ಹೆಚ್ಚು ಸದ್ದು ಮಾಡಿ ತಿರುಗಿದರೂ ಬಿಸಿ ಇಳಿಯದು. ಯಂತ್ರವು ತನ್ನನ್ನು ತಾನು ಉಳಿಸಿಕೊಳ್ಳಲು ನಿಧಾನವಾಗಿ ಕೆಲಸ ಮಾಡುವುದು. "ಯಂತ್ರ ಹಳತಾಯಿತು, ಮಂದವಾಯಿತು" ಎಂದು ನಾವು ದೂರುವುದರಲ್ಲಿ ಅರ್ಧದಷ್ಟು ಈ ದೂಳಿನ ಮಾತೇ ಇದ್ದೀತು. ಬಳಸದಿರುವಾಗ ಮುಚ್ಚಿ ಚೀಲದಲ್ಲಿಡುವುದು, ಒಣಗಿದ ಮೆತ್ತನೆಯ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸುವುದು ನಿಮ್ಮ ಕೆಲಸ. ತಿರುಪುಗಳನ್ನು ಬಿಚ್ಚಿ ಒಳಗನ್ನು ಶುಚಿಗೊಳಿಸುವುದು ಬಲ್ಲವರ ಕೆಲಸ.

ಈ ಮೂರು ಶತ್ರುಗಳಲ್ಲದೆ ನಾಲ್ಕನೆಯ ಶತ್ರುವೊಂದು ಊರೂರಿನಲ್ಲಿಯೂ ಇದೆ. ಅದು ನಮ್ಮದೇ ಕೈ. ಪರದೆಯೊಳಗಿನ ಗಾಜಿನ ಹಾಳೆಗಳ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕೀಲಿಮಣೆಯ ಮೇಲೆ ಪೆನ್ಸಿಲನ್ನು ಮರೆತು ಮುಚ್ಚಳವನ್ನು ಒತ್ತಿದರೆ, ಪುಸ್ತಕಗಳು ತುರುಕಿದ ಚೀಲದಲ್ಲಿ ಹಾಕಿ ಅದರ ಮೇಲೆ ಕುಳಿತರೆ, ಪರದೆಯ ಮೂಲೆಯನ್ನು ಹಿಡಿದು ಎತ್ತಿದರೆ ಅದು ಬಿರಿಯುವುದು. ಒಂದೇ ಕೈಯಿಂದ ಒಂದು ಪಕ್ಕವನ್ನು ಹಿಡಿದು ತೆರೆಯುತ್ತಿದ್ದರೆ ಕೀಲು ಸಡಿಲವಾಗುವುದು. ಚಾರ್ಜರಿನ ತಂತಿಯನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ಎಳೆಗಳು ಕಡಿಯುವುವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಮಡಕೆಗೆ ಮಾತ್ರ ಸಲ್ಲುವುದಲ್ಲ. ರಜೆಯಲ್ಲಿ ಊರಿಗೆ ಹೊರಟಾಗ ಯಂತ್ರವನ್ನು ಶಾಲೆಗೆ ಒಪ್ಪಿಸಿ ಹೋಗುವುದು ಎಲ್ಲಕ್ಕಿಂತ ಲೇಸು. ಕೊಂಡೊಯ್ಯಲೇಬೇಕಾದರೆ ರೈಲಿನಲ್ಲಿ ಅದನ್ನು ಸೀಟಿನ ಕೆಳಗಿನ ಟ್ರಂಕಿಗೆ ಒಪ್ಪಿಸದೆ ಮೈಗೆ ಹತ್ತಿರ ಇಟ್ಟುಕೊಳ್ಳಬೇಕು.

ಕಣ್ಣಿಗೆ ಕಾಣದ ಭಾಗ

ಲ್ಯಾಪ್‌ಟಾಪಿಗೆ ಕಾಣುವ ದೇಹವಿರುವಂತೆ ಕಾಣದ ಒಳಜೀವವೂ ಉಂಟು. ಅಲ್ಲಲ್ಲಿ ಸಿಕ್ಕಿದ ಪೆನ್‌ಡ್ರೈವನ್ನು ಚುಚ್ಚುವುದರಿಂದಲೂ, ಉಚಿತವೆಂದು ತೋರಿಸಿದುದನ್ನೆಲ್ಲ ಇಳಿಸಿಕೊಳ್ಳುವುದರಿಂದಲೂ ಕೇಡಿಗ ತಂತ್ರಾಂಶಗಳು ಒಳಹೊಗುವುವು. ಗುಪ್ತಪದವೆಂಬುದು ಮನೆಯ ಬೀಗದ ಕೈ. ಅದನ್ನು ಪ್ರಾಣಸ್ನೇಹಿತನಿಗೂ ಕೊಡಬೇಕಾಗಿಲ್ಲ. ಇನ್ನೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ವಿಧಿಯ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಹುದು. ಜಾಲದಲ್ಲಿ ಯಾರಾದರೂ ಮೋಸದಿಂದ ಹಣ ಕಿತ್ತುಕೊಂಡರೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕೆಂಬುದನ್ನು ಮನೆಯ ಹಿರಿಯರಿಗೂ ತಿಳಿಸಿಡಿ.

ಯಂತ್ರವನ್ನು ಹಿಂದಿರುಗಿಸುವಾಗ ನಿಮ್ಮ ಬರಹ, ಚಿತ್ರಗಳನ್ನು ಬೇರೆಡೆಗೆ ತೆಗೆದುಕೊಂಡು, ನಿಮ್ಮ ಖಾತೆಗಳಿಂದ ಹೊರಬಂದು, ಗುರುತುಗಳನ್ನು ಅಳಿಸಿ ಕೊಡಬೇಕು. ಎರವಿನ ಮನೆಯನ್ನು ಬಿಡುವವರು ಗುಡಿಸಿ ಸಾರಿಸಿ ಬೀಗದ ಕೈಯನ್ನು ಒಪ್ಪಿಸುವಂತೆ ಇದು.

ಅಂಜಿಕೆಯೂ ಹೊಣೆಯೂ ಒಂದೇ ಅಲ್ಲ

ಇಷ್ಟು ಹೇಳಿದ ಮೇಲೆ ಒಂದು ಕಠಿನವಾದ ವಿಷಯಕ್ಕೆ ಬರಬೇಕಾಗಿದೆ. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಲ್ಲಿ ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ ದುಡಿಯುವವರು ಇರುವಂತೆ ಹೋಟೆಲಿನಲ್ಲಿ, ಗಿರಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ದಿನಗೂಲಿಗೆ ದುಡಿಯುವವರೂ ಇರುವರು. ಮಗಳ ಪರವಾಗಿ ಯಂತ್ರಕ್ಕೆ ರುಜು ಹಾಕಲು ಬಂದ ತಂದೆಯೊಬ್ಬರು ಲೇಖನಿಯನ್ನು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ ಪ್ರಶ್ನೆ ಇದು: "ಮಾಸ್ತರ್ರ, ಇದು ಒಡೆದ್ರ ನಮ್ದು ಎಷ್ಟ್ ತಿಂಗಳ ಪಗಾರ ಹೋಗ್ತೈತ್ರಿ?" ಆ ಪ್ರಶ್ನೆಯಲ್ಲಿ ಕಪಟವಿರಲಿಲ್ಲ, ಲೆಕ್ಕವಿತ್ತು. ಇಂತಹ ಮನೆಗಳಲ್ಲಿ ಲ್ಯಾಪ್‌ಟಾಪು ಬಂದ ದಿನವೇ ಟ್ರಂಕಿನೊಳಗೆ ಸೇರಿ, ಪರೀಕ್ಷೆಯ ಕಾಲದವರೆಗೆ ಅಲ್ಲಿಯೇ ಉಳಿದುದನ್ನು ನಾನು ಬಲ್ಲೆ. ಅದು ಒಡೆಯಲಿಲ್ಲ, ನಿಜ. ಆದರೆ ಆ ಬಾಲಕಿಗೆ ಅದರಿಂದ ಒಂದಕ್ಷರದ ಪ್ರಯೋಜನವೂ ಆಗಲಿಲ್ಲ. ಬಳಸದೆ ಇಟ್ಟ ಬ್ಯಾಟರಿಯು ತಾನಾಗಿಯೇ ಬರಿದಾಗಿ ಕೆಡುವುದರಿಂದ ಯಂತ್ರಕ್ಕೂ ಅದು ಹಿತವಾಗಲಿಲ್ಲ. ಟ್ರಂಕಿನಲ್ಲಿಟ್ಟು ಕಾಯುವುದು ಅಂಜಿಕೆ. ಬಳಸುತ್ತ ಕಾಯುವುದು ಹೊಣೆ.

ಅಂಜಿಕೆಯ ಇನ್ನೊಂದು ಮಗುವೆಂದರೆ ಮರೆಮಾಚುವಿಕೆ. ಕೀಲು ಸ್ವಲ್ಪ ಸಡಿಲವಾದಾಗಲೇ ತಿಳಿಸಿದರೆ ತಿರುಪು ಬಿಗಿಯುವುದರಲ್ಲಿ ಮುಗಿಯುತ್ತಿದ್ದ ಕೆಲಸವು, ತಿಂಗಳುಗಟ್ಟಲೆ ಮುಚ್ಚಿಟ್ಟಾಗ ಪರದೆಯ ತಂತಿಯನ್ನೇ ಕಡಿಯುವುದು. ಚಹ ಚೆಲ್ಲಿದುದನ್ನು ಅರ್ಧ ಗಂಟೆಯೊಳಗೆ ಹೇಳಿದರೆ ಯಂತ್ರವು ಉಳಿದೀತು. ಸೋಮವಾರ ಹೇಳೋಣವೆಂದರೆ ಉಳಿಯಲಾರದು. ದಂಡಕ್ಕೆ ಹೆದರಿ ಮುಚ್ಚಿಟ್ಟವನು ಕೊನೆಗೆ ದೊಡ್ಡ ದಂಡಕ್ಕೇ ಗುರಿಯಾಗುವನು.

ಆದುದರಿಂದ ಹೊಣೆಯು ಕೊಡುವವರಿಗೂ ಉಂಟು. ಯಂತ್ರವನ್ನು ಕೊಡುವಾಗ ಅದರ ಸ್ಥಿತಿಯನ್ನು, ಇರುವ ಗೀರು ಕಲೆಗಳ ಸಹಿತ, ದಾಖಲೆಯ ಪುಸ್ತಕದಲ್ಲಿ ವಿದ್ಯಾರ್ಥಿಯ ಎದುರಿನಲ್ಲಿಯೇ ಬರೆದುಕೊಳ್ಳಬೇಕು. ವಯಸ್ಸಿನಿಂದ ಬಂದ ಕೇಡು, ಆಕಸ್ಮಿಕದಿಂದ ಬಂದ ಕೇಡು, ಅಲಕ್ಷ್ಯದಿಂದ ಬಂದ ಕೇಡು ಎಂಬ ಮೂರನ್ನು ಬೇರೆ ಬೇರೆಯಾಗಿ ತೂಗಬೇಕು. ಮೂರು ವರ್ಷ ದುಡಿದ ಬ್ಯಾಟರಿಯು ಸೊರಗಿದುದಕ್ಕೆ ಬಾಲಕನನ್ನು ದೂರುವುದು, ಎತ್ತಿಗೆ ಮುಪ್ಪು ಬಂದುದಕ್ಕೆ ಕಾಯುವ ಹುಡುಗನನ್ನು ಹೊಡೆದಂತೆ. ತಾನಾಗಿ ಬಂದು ನಿಜವನ್ನು ಹೇಳಿದವನನ್ನು ಎಲ್ಲರೆದುರು ಬಯ್ಯದಿರುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಹಾಗೆ ಬಯ್ದರೆ ಉಳಿದ ನಲವತ್ತು ಮಂದಿಗೆ ಮರೆಮಾಚುವುದನ್ನು ನಾವೇ ಕಲಿಸಿದಂತಾಗುವುದು. ಆ ತಂದೆಯ ಪ್ರಶ್ನೆಗೆ ಉತ್ತರವನ್ನು ರುಜು ಹಾಕುವ ಕಾಗದದಲ್ಲಿಯೇ, ಅವರಿಗೆ ತಿಳಿಯುವ ಕನ್ನಡದಲ್ಲಿ, ಮೊದಲೇ ಬರೆದಿಡುವುದು ನ್ಯಾಯ.

ವಸ್ತುವಿನ ಬೆಲೆ ಯಾವುದರಿಂದ?

ಸಾರ್ವಜನಿಕ ವಸ್ತುವನ್ನು ನಂಬಿ ಎರವು ಕೊಡುವ ಸಂಪ್ರದಾಯವು ಗುಜರಾತಿನ ನೆಲಕ್ಕೆ ಹೊಸದಲ್ಲ. ವಡೋದರೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ೧೯೦೬ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಉಚಿತವೂ ಕಡ್ಡಾಯವೂ ಆದ ಪ್ರಾಥಮಿಕ ಶಿಕ್ಷಣವನ್ನು ವಿಧಿಸಿದರು. ೧೯೧೦ರಲ್ಲಿ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲರನ್ನು ಕರೆಸಿ ಸಾರ್ವಜನಿಕ ಗ್ರಂಥಾಲಯಗಳ ಜಾಲವನ್ನು ನೆಯ್ಯಿಸಿದರು. ಅಂದು ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯವೂ ಅಲ್ಲಿತ್ತು. ಒಂದು ಹಳ್ಳಿಯವರು ಹಾಳೆ ಹರಿದರೆ ಮುಂದಿನ ಹಳ್ಳಿಯವರು ಕಥೆಯ ಕೊನೆಯನ್ನು ಕಾಣರು. ನಿಮ್ಮ ಯಂತ್ರವೂ ಅಂತಹ ಪೆಟ್ಟಿಗೆಯೇ. ಇಂದು ಎಂಟನೆಯ ತರಗತಿಯಲ್ಲಿರುವ ಯಾವನೋ ಬಾಲಕನು ಮುಂದಿನ ವರ್ಷ ಅದನ್ನು ತೆರೆಯಲು ಕಾದಿರುವನು.

ವಡೋದರೆಯಲ್ಲಿ ಕೆಲಕಾಲ ಶಿಕ್ಷಕರಾಗಿದ್ದು, ಮುಂದೆ ಸಾಬರಮತಿಯ ಆಶ್ರಮವನ್ನು ಸೇರಿದ ಕಾಕಾ ಕಾಲೇಲಕರರು ಗಾಂಧೀಜಿಯ ವಿಷಯವಾಗಿ ಒಂದು ಪ್ರಸಂಗವನ್ನು ಹೇಳಿರುವರು. ೧೯೧೫ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಗಾಂಧೀಜಿಯವರು ಏನನ್ನೋ ಕಾತರದಿಂದ ಹುಡುಕುತ್ತಿದ್ದರು. ಕೇಳಿದರೆ, ಒಂದು ಚಿಕ್ಕ ಪೆನ್ಸಿಲು. ಕಾಲೇಲಕರರು ತಮ್ಮ ಪೆನ್ಸಿಲನ್ನೇ ಕೊಡಹೋದರು, ಗಾಂಧೀಜಿಯವರು ಒಪ್ಪಲಿಲ್ಲ. ಮದರಾಸಿನಲ್ಲಿ ನಟೇಶನ್ನರ ಪುಟ್ಟ ಮಗನು ಪ್ರೀತಿಯಿಂದ ಕೊಟ್ಟ ಪೆನ್ಸಿಲದು. ಅದನ್ನು ಕಳೆಯುವುದು ಅವರಿಗೆ ಸಹಿಸದು. ಕಡೆಗೆ ಹುಡುಕಿ ತೆಗೆದಾಗ ಅದು ಎರಡು ಅಂಗುಲವೂ ಇರಲಿಲ್ಲವಂತೆ. ಆ ತುಂಡಿಗೆ ಪೇಟೆಯಲ್ಲಿ ಕಾಸಿನ ಬೆಲೆಯೂ ಇರಲಿಲ್ಲ. ಅದನ್ನು ಬೆಲೆಯುಳ್ಳದ್ದಾಗಿ ಮಾಡಿದುದು ಕೊಟ್ಟವನ ಪ್ರೀತಿ. ಶಾಲೆಯ ಲ್ಯಾಪ್‌ಟಾಪಿಗೆ ಪೇಟೆಯ ಬೆಲೆಯೂ ಉಂಟು, ಅದರ ಮೇಲೆ ಕೊಟ್ಟವರ ನಂಬಿಕೆಯೂ ಉಂಟು.

ಕನ್ನಡದ ಮಕ್ಕಳಾದ ನಿಮಗೆ ಅದರಲ್ಲಿ ಇನ್ನೂ ಒಂದು ಬೆಲೆಯಿದೆ. ಬೆಂಗಳೂರು, ಧಾರವಾಡಗಳಲ್ಲಿರುವಂತೆ ಕನ್ನಡ ಪುಸ್ತಕದ ಅಂಗಡಿಗಳು ಈ ನಗರಗಳ ಬೀದಿಗಳಲ್ಲಿ ಸಿಗವು. ಆದರೆ ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, ಮೈಸೂರಿನ ಭಾರತೀಯ ಭಾಷೆಗಳ ಸಂಸ್ಥೆಯು ೨೦೧೬ರಲ್ಲಿ ತೆರೆದ 'ಭಾರತವಾಣಿ'ಯ ನಿಘಂಟುಗಳೂ ಆ ಮುಚ್ಚಳವನ್ನು ತೆರೆದರೆ ನಿಮ್ಮೆದುರಿಗಿರುವುವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಕನ್ನಡವನ್ನು ಉಲಿದಂತೆಯೇ ಬೆರಳಚ್ಚಿಸಬಹುದು. 'ನುಡಿ' ತಂತ್ರಾಂಶವೂ ಅದನ್ನೇ ಅನುಸರಿಸಿದೆ. ಸುತ್ತಲೂ ಗುಜರಾತಿಯ ಮಾತು, ಫಲಕಗಳಲ್ಲಿ ಗುಜರಾತಿಯ ಲಿಪಿ ಇರುವ ಕಡೆ ಬೆಳೆಯುವ ಕನ್ನಡದ ಬಾಲಕನಿಗೆ ಈ ಯಂತ್ರವೇ ಪುಸ್ತಕಭಂಡಾರ. ಅದು ಕೆಟ್ಟು ಮೂಲೆ ಸೇರಿದರೆ ಒಂದು ಭಂಡಾರದ ಬಾಗಿಲು ಮುಚ್ಚಿದಂತೆ.

ಕೆಟ್ಟು ಬಿಸುಟ ಯಂತ್ರದ ಗತಿಯನ್ನೂ ನೆನೆಯಬೇಕು. ೨೦೨೨ರಲ್ಲಿ ಜಗತ್ತಿನಲ್ಲಿ ೬.೨ ಕೋಟಿ ಟನ್ನು ವಿದ್ಯುನ್ಮಾನ ಕಸ ಬಿದ್ದಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಸಂದುದು ನೂರಕ್ಕೆ ೨೨.೩ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುವುದು. ಉಳಿದುದರಲ್ಲಿ ಎಷ್ಟೋ ಭಾಗವನ್ನು ಬಡವರು ಬರಿಗೈಯಿಂದ ಸುಟ್ಟು, ಕರಗಿಸಿ, ಅದರ ವಿಷದ ಹೊಗೆಯನ್ನು ಕುಡಿಯುವರು. ನಮ್ಮ ದೇಶದ ವಿದ್ಯುನ್ಮಾನ ಕಸದ ಹೊಸ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವುವು. ಆದರೆ ಒಂದು ಯಂತ್ರವು ಎರಡು ವರ್ಷ ಹೆಚ್ಚಾಗಿ ಬಾಳಿದರೆ ಅಷ್ಟರಮಟ್ಟಿಗೆ ಕಸವೇ ಹುಟ್ಟುವುದಿಲ್ಲ. ಇದು ಯಾವ ನಿಯಮವೂ ಮಾಡಲಾರದ, ನಿಮ್ಮ ಕೈ ಮಾಡಬಲ್ಲ ಕೆಲಸ.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಯಂತ್ರವನ್ನು ಗಟ್ಟಿಯಾದ ಮಣೆಯ ಮೇಲಿಟ್ಟು ಒಮ್ಮೆ ಸಾವಧಾನವಾಗಿ ನೋಡಿರಿ. ಕೀಲು ಸಡಿಲವಾಗಿದೆಯೆ? ತಂತಿಯ ಮೇಲು ಹೊದಿಕೆ ಬಿರಿದಿದೆಯೆ? ಬೀಸಣಿಗೆಯ ಸದ್ದು ಹೆಚ್ಚಾಗಿದೆಯೆ? ಕೇಡೇನಾದರೂ ಕಂಡರೆ ಒಂದು ಚೀಟಿಯಲ್ಲಿ ಬರೆದು, ನಾಳೆ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ನಿಮ್ಮ ತರಗತಿಯ ಅಧ್ಯಾಪಕರಿಗೆ ಕೊಡಿರಿ. ಅದನ್ನು ಮುಖ ಸಿಂಡರಿಸದೆ ತೆಗೆದುಕೊಳ್ಳುವುದು ನಮ್ಮ ಪಾಲಿನ ಕೆಲಸ.